ಸಮಾಂತರ ಪಟ್ಟಿಯ ಜನಕನಾರು?

ನಕಾಶೆಯ ಮೇಲೆ ನಾವಿಕನು ದಿಕ್ಕನ್ನು ಗುರುತಿಸಿಕೊಳ್ಳುವ ಸಮಾಂತರ ಪಟ್ಟಿಯು ಆಂಗ್ಲ ಕಪ್ತಾನನೊಬ್ಬನ ಏಕಾಕಿ ಸೃಷ್ಟಿಯೆಂದೂ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳವರಿಗೆ ಈ ಚರಿತ್ರೆಯು ಅಪ್ರಸ್ತುತವೆಂದೂ ಈಚೆಗೆ ಪ್ರಕಟವಾದ ಲೇಖನವೊಂದು ಪ್ರತಿಪಾದಿಸಿರುವುದನ್ನು ನಾನು ಒಪ್ಪಲಾರೆನು.

1854ರಲ್ಲಿ ಕಪ್ತಾನ್ ಫೀಲ್ಡನು ಆ ಪಟ್ಟಿಗೆ ಕೋನಮಾಪಕದ ಅಂಶಗಳನ್ನು ಸೇರಿಸಿ ಅದನ್ನು ಸುಧಾರಿಸಿದನೆಂಬುದು ನಿಜ. ಆದರೆ ಇಟಲಿಯ ಫಾಬ್ರಿಜಿಯೊ ಮೊರ್ದೆಂತೆಯು 1584ರಲ್ಲಿಯೇ ಅದನ್ನು ವರ್ಣಿಸಿದ್ದನು. ಸುಧಾರಕನನ್ನು ಜನಕನೆಂದು ಕರೆಯುವುದು ಚರಿತ್ರೆಗೆ ಬಗೆದ ಅನ್ಯಾಯವಾಗಿದೆ.

ಇನ್ನು, ಗೆರೆಯೆಳೆಯುವುದಕ್ಕೆ ಮುಂಚೆ ಅಳೆಯಬೇಕಷ್ಟೆ. ಗಂಟುಗಳುಳ್ಳ ದಾರವನ್ನು ಹಲ್ಲಿನಲ್ಲಿ ಕಚ್ಚಿ, ಅದರ ತುದಿಯ ಮರದ ಹಲಗೆಯನ್ನು ಕ್ಷಿತಿಜಕ್ಕೂ ಧ್ರುವನಕ್ಷತ್ರಕ್ಕೂ ನಡುವೆ ಹಿಡಿದು ಅಕ್ಷಾಂಶವನ್ನರಿಯುವ ಕಮಾಲ್ ಎಂಬ ಸಾಧನವನ್ನು ಅರಬ್ಬೀ ಸಮುದ್ರದ ನಾವಿಕರು ಬಳಸುತ್ತಿದ್ದರು. 1498ರಲ್ಲಿ ಪೂರ್ವ ಆಫ್ರಿಕದ ಮಾಲಿಂದಿಯ ಮಾರ್ಗದರ್ಶಕನು ವಾಸ್ಕೊ ಡ ಗಾಮನಿಗೆ ಅಕ್ಷಾಂಶ ರೇಖಾಂಶಗಳಿಂದ ಕೂಡಿದ ಭಾರತತೀರದ ನಕಾಶೆಯನ್ನು ತೋರಿಸಿದನೆಂದು ಪೋರ್ತುಗೀಸ ಇತಿಹಾಸಕಾರ ಬಾರೋಸನೇ ಬರೆದಿದ್ದಾನೆ.

ಗಾಮನ ಹಡಗುಗಳು ಅರಸಿ ಬಂದುದಾದರೂ ಏನನ್ನು? ಘಟ್ಟದ ತೋಟಗಳ ಕಾಳುಮೆಣಸನ್ನಲ್ಲವೆ! ಶಿರಸಿಯ ಬಳಿಯ ಸೋದೆಯ ಸೀಮೆಯಲ್ಲಿ ಬೆಳೆದ ಮೆಣಸು ಘಟ್ಟವಿಳಿದು ಕರಾವಳಿಯ ಬಂದರುಗಳಿಗೆ ಸಾಗುತ್ತಿತ್ತು. 1638ರಲ್ಲಿ ಆಂಗ್ಲರು ಕಾರವಾರದಲ್ಲಿ ಕೋಠಿಯನ್ನು ತೆರೆದುದೂ ಆ ವ್ಯಾಪಾರದ ಆಸೆಯಿಂದಲೇ. ಬೆಳೆದವನ ಶ್ರಮವೂ ಅಳೆದವನ ಜ್ಞಾನವೂ ಕೂಡಿ ಬೆಳೆಸಿದ ನೌಕಾವಿದ್ಯೆಯನ್ನು ಒಬ್ಬನ ಹೆಸರಿಗೆ ಬರೆದುಕೊಡುವುದು ಸಲ್ಲದು. ನಮ್ಮ ಶಾಲೆಗಳಲ್ಲಿ ಈ ಚರಿತ್ರೆಯನ್ನು ಸಮಗ್ರವಾಗಿಯೇ ಬೋಧಿಸತಕ್ಕದ್ದು.