ಬಸ್ ಡ್ರೈವರಿಗೆ ಲೈಸೆನ್ಸ್ ಬೇಕು, ಸಾಲಿ ಛತ್ತಿಗೆ ಸಹಿ ಹಾಕುವವರಿಗೆ ಬ್ಯಾಡೇನು?

ಅತನೂರಿನಿಂದ ಅಫಜಲಪುರಕ್ಕೆ ಬಸ್ ಓಡಿಸಬೇಕಾದರೆ ಲೈಸೆನ್ಸ್ ಬೇಕು. ಜ್ವರಕ್ಕೆ ಮಾತ್ರೆ ಬರೆಯುವ ಡಾಕ್ಟರು ವೈದ್ಯಕೀಯ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿರಬೇಕು. ನಿಮ್ಮ ಹೊಲದ ಕೇಸು ನಡೆಸುವ ವಕೀಲರಿಗೆ ಸನ್ನದು ಬೇಕು. ಆದರೆ ಮಕ್ಕಳು ಕೂಡುವ ಸಾಲಿಯ ಛತ್ತಿಗೆ ಎಷ್ಟು ಸಳಿ, ಎಷ್ಟು ಸಿಮೆಂಟು, ಎಷ್ಟು ಉಸುಕು ಎಂದು ಲೆಕ್ಕ ಹಾಕಿ ಸಹಿ ಮಾಡುವ ಇಂಜಿನಿಯರಿಗೆ? ದೇಶಕ್ಕೆಲ್ಲ ಅನ್ವಯವಾಗುವ ಲೈಸೆನ್ಸ್ ಕಾನೂನೇ ಇಲ್ಲ!

ವಕೀಲರಿಗೆ 1961ರಲ್ಲಿ ಕಾಯ್ದೆ ಬಂತು, ಆರ್ಕಿಟೆಕ್ಟರಿಗೆ 1972ರಲ್ಲಿ. ಇಂಜಿನಿಯರಿಗೆ ಸಿಕ್ಕಿದ್ದು ಸೆಪ್ಟೆಂಬರ್ 15ರಂದು ವಿಶ್ವೇಶ್ವರಯ್ಯನವರ ಫೋಟೋಕ್ಕೆ ಹಾಕುವ ಹಾರ. ದೊಡ್ಡ ಊರುಗಳ ಪಾಲಿಕೆಗಳು ತಮ್ಮದೇ ನೋಂದಣಿ ಇಟ್ಟುಕೊಂಡಿವೆ. 'ಚಾರ್ಟರ್ಡ್ ಇಂಜಿನಿಯರ್' ಎಂಬ ಬಿರುದೂ ಇದೆ, ಬೇಕಾದವರು ಪಡೆಯಬಹುದು. ಹಳ್ಳಿಯಲ್ಲಿ ಮಾತ್ರ ಗೌಂಡಿ ಹೇಳಿದ್ದೇ ಲೆಕ್ಕ. ಗೌಂಡಿಯನ್ನು ಬೈಯುತ್ತಿಲ್ಲ, ಎಷ್ಟೋ ಸಲ ಬಿಸಿಲಲ್ಲಿ ನಿಂತು ಕೆಲಸ ನೋಡುವವನು ಅವನೊಬ್ಬನೇ.

2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಬಿದ್ದ ಮೇಲೆ ಬಂಧನ, ಪರಿಹಾರ ಎಲ್ಲ ಆಯಿತು. ಬೀಳುವ ಮೊದಲು ತಡೆಯುವ ವ್ಯವಸ್ಥೆ ಎಲ್ಲಿ?

ಅಮೆರಿಕದಲ್ಲಿ ಇಂಥ ಮೊದಲ ಕಾನೂನು ಹುಟ್ಟಿದ್ದು 1907ರಲ್ಲಿ, ವಯೋಮಿಂಗ್ ರಾಜ್ಯದಲ್ಲಿ, ಅದೂ ನೀರಿನ ವಿಷಯಕ್ಕೆ. ಅಲ್ಲಿ ವಕೀಲರು, ನೋಟರಿಗಳು ಕೂಡ ಇಂಜಿನಿಯರ್ ಎಂದು ಸಹಿ ಹಾಕಿ ನೀರಿನ ನಕ್ಷೆ ಕೊಡುತ್ತಿದ್ದರು. ಭೀಮಾ ನೀರಿಗೆ ಕಾಯುವ ನಮಗೆ ಇದು ಬಿಡಿಸಿ ಹೇಳಬೇಕಿಲ್ಲ. ಈಗ ಅಲ್ಲಿ ಸಾಮಾನ್ಯವಾಗಿ ಡಿಗ್ರಿ, ಒಂದು ಪರೀಕ್ಷೆ, ನಾಲ್ಕು ವರ್ಷದ ಅನುಭವ, ಮತ್ತೊಂದು ಪರೀಕ್ಷೆ ದಾಟಿದರೇ ಲೈಸೆನ್ಸ್. ದೊಡ್ಡ ತಪ್ಪು ಮಾಡಿದರೆ ಅದನ್ನು ಕಿತ್ತುಕೊಳ್ಳುತ್ತಾರೆ.

"ಲೈಸೆನ್ಸ್ ಅಂದ್ರ ಲಂಚದ ಇನ್ನೊಂದು ಕೌಂಟರ್" ಎನ್ನುವವರಿದ್ದಾರೆ. ಆರ್‌ಟಿಒದಲ್ಲಿ ಲಂಚ ನಡೆಯುತ್ತದೆಂದು ಡ್ರೈವಿಂಗ್ ಲೈಸೆನ್ಸೇ ಬೇಡ ಎಂದು ಯಾರೂ ಹೇಳುವುದಿಲ್ಲವಲ್ಲ?

ನನ್ನ ಅಂಜಿಕೆ ಬೇರೆ. ಪರೀಕ್ಷೆ ಇಂಗ್ಲಿಷಿನಲ್ಲಿ, ಕೇಂದ್ರ ಬೆಂಗಳೂರಿನಲ್ಲಿ, ಫೀಸು ಸಾವಿರಗಟ್ಟಲೆ ಎಂದಾದರೆ ನಮ್ಮ ಹುಡುಗ ಹುಡುಗಿಯರು ಹೊರಗೇ ಉಳಿಯುತ್ತಾರೆ. 371(ಜೆ) ಬಂದ ಮೇಲೆ ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70 ಸೀಟು ನಮಗೇ ಮೀಸಲು. ಸೀಟು ಸಿಕ್ಕಿತು, ಪಾಸೂ ಆದರು. ಆಮೇಲೆ ಕೈಹಿಡಿದು ಸೈಟಿನಲ್ಲಿ ಕೆಲಸ ಕಲಿಸುವವರು ಯಾರು? ಕಾನೂನು ಬರುವುದಾದರೆ ಆ ಕಲಿಕೆಯ ವರ್ಷಗಳಿಗೆ ಸಂಬಳ ಇರಲಿ, ಡಿಪ್ಲೊಮಾದವರಿಗೂ ದಾರಿ ಇರಲಿ, ಪರೀಕ್ಷೆ ಕಲಬುರಗಿಯಲ್ಲೇ ನಡೆಯಲಿ, ಕನ್ನಡದಲ್ಲೂ ಬರೆಯುವಂತಿರಲಿ. ಜೆಇಇ ಮೇನ್ ಪರೀಕ್ಷೆಯನ್ನೇ 2021ರಿಂದ ಕನ್ನಡದಲ್ಲಿ ಬರೆಯಬಹುದು, ಇದೇನು ಮಹಾ?

ಅಲ್ಲಿಯವರೆಗೆ ಪಂಚಾಯತಿಯಲ್ಲಿ ಒಂದು ಠರಾವು ಮಾಡಿಸಿ. ಶಂಕುಸ್ಥಾಪನೆ ಕಲ್ಲಿನ ಮೇಲೆ ಮಂತ್ರಿ, ಶಾಸಕ, ಅಧ್ಯಕ್ಷರ ಹೆಸರೆಲ್ಲ ಕೆತ್ತಿರುತ್ತಾರೆ. ಅದರ ಕೆಳಗೆ ಲೆಕ್ಕಕ್ಕೆ ಸಹಿ ಹಾಕಿದ ಇಂಜಿನಿಯರ್ ಹೆಸರೂ ಕೆತ್ತಲಿ, ಎದ್ದು ಕಾಣುವ ಅಕ್ಷರದಲ್ಲಿ.