ಬೀಗ ಹಾಕಿದ ಪತ್ರ

ಮಗಳ ಮದುವೆಯ ಮಾತುಕತೆಯನ್ನು ಯಾವ ಗೃಹಸ್ಥನೂ ಅಂಚೆಕಾರ್ಡಿನಲ್ಲಿ ಬರೆಯಲಾರನು. ಅದಕ್ಕೆ ಲಕೋಟೆಯೇ ಆಗಬೇಕು. ಇದ್ದ ಅಂಟು ಸಾಲದೆಂದು ಅನ್ನದ ಅಗುಳನ್ನು ಒತ್ತುವವರೂ ಉಂಟು. ಅದೇ ಗೃಹಸ್ಥನು ಬ್ಯಾಂಕಿನ ಲೆಕ್ಕವನ್ನೂ ವೈದ್ಯರ ವರದಿಯನ್ನೂ ಇಮೇಲಿನಲ್ಲಿ ನಿಶ್ಚಿಂತೆಯಿಂದ ಕಳುಹಿಸುತ್ತಾನೆ. ದಾರಿಯಲ್ಲಿ ಆ ಪತ್ರಕ್ಕೊಂದು ಮುಸುಕು ಇರುವುದುಂಟು. ಆದರೆ ಅದನ್ನು ಇರಿಸಿಕೊಳ್ಳುವ ಕಂಪನಿಯ ಯಂತ್ರದಲ್ಲಿ, ಕಂಪನಿಯು ಮನಸ್ಸು ಮಾಡಿದರೆ ಓದಬಹುದಾದ ಸ್ಥಿತಿಯಲ್ಲಿಯೇ ಅದು ಸಾಮಾನ್ಯವಾಗಿ ಇರುತ್ತದೆ.

ಇದಕ್ಕೊಂದು ಬೀಗವನ್ನು ಅಮೆರಿಕದ ಫಿಲ್ ಜಿಮ್ಮರ್‌ಮನ್ನರು 1991ರಲ್ಲಿ ಮಾಡಿಕೊಟ್ಟರು. ಹೆಸರು ಪಿಜಿಪಿ, ಅಂದರೆ 'ಪ್ರೆಟಿ ಗುಡ್ ಪ್ರೈವೆಸಿ'. ಕನ್ನಡದಲ್ಲಿ 'ಪರವಾಗಿಲ್ಲ ಎನ್ನುವಷ್ಟು ಗೋಪ್ಯ' ಎನ್ನಬಹುದೇನೋ! ರೇಡಿಯೋ ಕಾರ್ಯಕ್ರಮವೊಂದರಲ್ಲಿ ಬರುವ ಕಿರಾಣಿ ಅಂಗಡಿಯ ಹೆಸರನ್ನು ಅನುಕರಿಸಿ ಇಟ್ಟ ವಿನೋದದ ಹೆಸರದು. ಬೀಗ ಮಾತ್ರ ವಿನೋದದ್ದಲ್ಲ. ಪ್ರತಿಯೊಬ್ಬನಿಗೂ ಎರಡು ಕೀಲಿಕೈಗಳು. ಒಂದನ್ನು ಊರಿಗೆಲ್ಲ ಹಂಚಬಹುದು. ಅದರಿಂದ ಯಾರು ಬೇಕಾದರೂ ಪತ್ರಕ್ಕೆ ಬೀಗ ಹಾಕಬಹುದು, ತೆರೆಯಲಾಗದು. ತೆರೆಯುವ ಕೈ ಒಡೆಯನ ಬಳಿ ಮಾತ್ರ. ರುಜುವಿನಲ್ಲಿ ಈ ಕ್ರಮ ತಿರುವುಮುರುವು: ಒಡೆಯನು ತನ್ನ ಗುಟ್ಟಿನ ಕೈಯಿಂದ ಮುದ್ರೆಯೊತ್ತುತ್ತಾನೆ, ಹಂಚಿದ ಕೈಯಿಂದ ಯಾರಾದರೂ ಅದನ್ನು ಪರೀಕ್ಷಿಸಬಹುದು. ನಡುವೆ ಒಂದಕ್ಷರ ತಿದ್ದಿದರೂ ಮುದ್ರೆ ಹುಸಿಯಾಗುತ್ತದೆ.

ಇಂಥ ಗೂಢಲಿಪಿಯನ್ನು ಅಮೆರಿಕದ ಕಾನೂನು ಆಗ ಯುದ್ಧಸಾಮಗ್ರಿಗಳ ಸಾಲಿನಲ್ಲಿ ಇರಿಸಿತ್ತು. ಪಿಜಿಪಿ ಹೊರದೇಶಗಳಿಗೆ ಹಬ್ಬಿತೆಂದು 1993ರಲ್ಲಿ ಜಿಮ್ಮರ್‌ಮನ್ನರ ಮೇಲೆ ತನಿಖೆ ಆರಂಭವಾಯಿತು. 1995ರಲ್ಲಿ ಎಂಐಟಿ ಮುದ್ರಣಾಲಯವು ಅದರ ಲಿಪಿಯನ್ನೆಲ್ಲ ಪುಸ್ತಕವಾಗಿ ಅಚ್ಚುಹಾಕಿತು. ಪುಸ್ತಕವನ್ನು ಯುದ್ಧಸಾಮಗ್ರಿಯೆನ್ನುವ ಧೈರ್ಯ ಯಾರಿಗೆ? 1996ರ ಜನವರಿಯಲ್ಲಿ ತನಿಖೆಯನ್ನು ಕೈಬಿಡಲಾಯಿತು.

ಸರ್ಕಾರಕ್ಕಿಂತ ಕಠಿನವಾದ ಎದುರಾಳಿ ಮನುಷ್ಯನ ಉದಾಸೀನ. ಕಳುಹಿಸಿದವನು ಬೀಗ ಹಾಕಿರುತ್ತಾನೆ. ಉತ್ತರಿಸುವವನು ಅದೇ ಪತ್ರವನ್ನು ಇಡಿಯಾಗಿ ಕೆಳಗಂಟಿಸಿ, ಬೀಗವಿಲ್ಲದೆ, ಇನ್ನೂ ನಾಲ್ವರಿಗೆ ಪ್ರತಿಯೊಡನೆ ರವಾನಿಸುತ್ತಾನೆ. 'ವಿಷಯ' ಎಂಬ ಸಾಲಿಗಂತೂ ಈ ಬೀಗ ಸಾಧಾರಣವಾಗಿ ತಗಲುವುದೇ ಇಲ್ಲ. ಅಲ್ಲಿಯೇ ಗುಟ್ಟನ್ನು ಬರೆಯುವ ಮಹನೀಯರಿದ್ದಾರೆ.

2012ರ ಡಿಸೆಂಬರಿನಲ್ಲಿ, ಬ್ರೆಜಿಲಿನಲ್ಲಿ ನೆಲಸಿದ್ದ ಪತ್ರಕರ್ತ ಗ್ಲೆನ್ ಗ್ರೀನ್‌ವಾಲ್ಡರಿಗೆ ಅಪರಿಚಿತನೊಬ್ಬನು ಬರೆದನು: ಪಿಜಿಪಿಯನ್ನು ಅಳವಡಿಸಿಕೊಳ್ಳಿರಿ, ತಿಳಿಸಬೇಕಾದ ಸಂಗತಿಯಿದೆ. ಕ್ರಮವನ್ನೆಲ್ಲ ಹಂತಹಂತವಾಗಿ ಬರೆದು ಕಳುಹಿಸಿದನು. ಕಲಿಸುವ ವಿಡಿಯೋ ಒಂದನ್ನೂ ಮಾಡಿ ಕಳುಹಿಸಿದನು. ಗ್ರೀನ್‌ವಾಲ್ಡರಿಗೆ ಪುರುಸೊತ್ತಾಗಲಿಲ್ಲ. ಬೇಸತ್ತ ಆತನು ಮರುವರ್ಷದ ಜನವರಿಯಲ್ಲಿ, ಈ ವಿದ್ಯೆಯನ್ನು ಮೊದಲೇ ಬಲ್ಲ ಚಿತ್ರನಿರ್ದೇಶಕಿ ಲಾರಾ ಪೋಯ್ಟ್ರಸ್ ಅವರಿಗೆ ಬರೆದನು. ಆತನೇ ಎಡ್ವರ್ಡ್ ಸ್ನೋಡೆನ್. ಅಮೆರಿಕದ ಸರ್ಕಾರವು ಜನರ ದೂರವಾಣಿ, ಇಮೇಲುಗಳ ಮೇಲೆ ಇಟ್ಟಿದ್ದ ಕಣ್ಣಿನ ವೃತ್ತಾಂತವು ಹೀಗೆ ಬಳಸುದಾರಿಯಿಂದ ಗ್ರೀನ್‌ವಾಲ್ಡರನ್ನು ತಲಪಿ, 2013ರ ಜೂನಿನಲ್ಲಿ ಲೋಕಕ್ಕೆ ತಿಳಿಯಿತು. ಕೈಗೆ ಬಂದ ತುತ್ತು ಆರು ತಿಂಗಳು ಬಾಯಿಗೆ ಬಾರದೆ ನಿಂತಿತ್ತು.

ಗ್ರೀನ್‌ವಾಲ್ಡರನ್ನು ದೂರುವ ಮುನ್ನ ಇನ್ನೊಂದು ಸಂಗತಿ. 2015ರಲ್ಲಿ ಪತ್ರಿಕೆಯವರು ವಿಚಾರಿಸಿದಾಗ, ತಾವು ಈಗ ಪಿಜಿಪಿಯನ್ನು ಬಳಸುತ್ತಿಲ್ಲವೆಂದು ಒಬ್ಬರು ಒಪ್ಪಿಕೊಂಡರು. ಅವರು ಫಿಲ್ ಜಿಮ್ಮರ್‌ಮನ್.