ಆರೋಗ್ಯ ಅಂಕಣ: ಬಿದ್ದ ಹಲ್ಲಿನ ಎಡೆ ಬರಿದಾಗಿರಬೇಕೆ?

ಮಠದ ದಾಸೋಹದ ಪಂಕ್ತಿಯಲ್ಲಿ ಕುಳಿತ ಹಿರಿಯರನ್ನು ಒಮ್ಮೆ ಗಮನಿಸಿ ನೋಡಿ. ಕೆಲವರು ಜೋಳದ ರೊಟ್ಟಿಯನ್ನು ಸಾರಿನಲ್ಲಿ ನೆನೆಯಿಟ್ಟು ಬಹು ಹೊತ್ತಿನ ಮೇಲೆ ತುತ್ತೆತ್ತುತ್ತಾರೆ. ಕೆಲವರು ಒಂದೇ ಮಗ್ಗುಲಲ್ಲಿ ಅಗಿಯುತ್ತಾರೆ. ಕಾಳಿನ ಪಲ್ಯ ಬಡಿಸಲು ಬಂದರೆ ಕೈ ಅಡ್ಡ ಹಿಡಿಯುತ್ತಾರೆ. ಕೇಳಿದರೆ, "ವಯಸ್ಸಾಯಿತಲ್ಲವ್ವ, ಇನ್ನು ಹಲ್ಲಿನ ಚಿಂತೆ ಯಾತಕ್ಕೆ?" ಎಂಬ ಉತ್ತರ ಬರುತ್ತದೆ. ಮನೆಯವರೂ ಇದನ್ನು ಸಹಜವೆಂದೇ ಬಗೆದು ಸುಮ್ಮನಾಗುತ್ತಾರೆ. ಈ ಸುಮ್ಮನಿರುವಿಕೆಯೇ ಹಾನಿಕರ.

ಶಾಕಾಹಾರಿಗಳಾದ ನಮಗೆ ದೇಹಪುಷ್ಟಿ ದೊರೆಯುವುದು ಬೇಳೆಕಾಳು, ಶೇಂಗಾ, ಸೊಪ್ಪು, ತರಕಾರಿಗಳಿಂದ. ಅಗಿಯಲಾರದವರು ಮೊದಲು ತೊರೆಯುವುದೂ ಇವುಗಳನ್ನೇ. ಬಾಯಿಯೊಳಗೂ ಬದಲಾವಣೆಗಳು ಮೊದಲಾಗುತ್ತವೆ. ಹಲ್ಲು ಕಿತ್ತ ಮೇಲೆ ಅದನ್ನು ಹಿಡಿದಿದ್ದ ದವಡೆಯ ಎಲುಬು ಕರಗತೊಡಗುತ್ತದೆ. ಮೊದಲ 12 ತಿಂಗಳಲ್ಲಿ ಆ ಸ್ಥಳದ ಅಗಲ ಸುಮಾರು ಅರ್ಧದಷ್ಟು ಕುಗ್ಗಬಹುದು. ಅದರಲ್ಲಿ ಹೆಚ್ಚಿನ ಪಾಲು ಮೊದಲ 3 ತಿಂಗಳಲ್ಲಿಯೇ ಆಗಿಹೋಗುತ್ತದೆ. ಪಕ್ಕದ ಹಲ್ಲುಗಳು ಬರಿದಾದ ಎಡೆಯತ್ತ ವಾಲಬಹುದು. ಎದುರಿನ ಹಲ್ಲು ತನ್ನ ಸ್ಥಾನದಿಂದ ಜರುಗಬಹುದು. ಆದುದರಿಂದ ಹಲ್ಲು ಕೀಳಿಸುವ ದಿನವೇ "ಮುಂದೇನು?" ಎಂದು ವೈದ್ಯರನ್ನು ಕೇಳುವುದು ಜಾಣತನ.

ಬದಲಿ ಹಲ್ಲಿಗೆ ಮುಖ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದು, ತೆಗೆದಿಟ್ಟು ಹಾಕಿಕೊಳ್ಳುವ ಕಟ್ಟು ಹಲ್ಲು. ಇದಕ್ಕೆ ಖರ್ಚು ಕಡಿಮೆ. ಎರಡನೆಯದು ಬ್ರಿಜ್. ಇಲ್ಲಿ ಸಾಮಾನ್ಯವಾಗಿ ಎರಡು ಪಕ್ಕದ ಹಲ್ಲುಗಳನ್ನು ಉಜ್ಜಿ ಸಣ್ಣದು ಮಾಡಿ, ಅವುಗಳ ಆಸರೆಯಲ್ಲಿ ನಡುವಿನ ಹಲ್ಲನ್ನು ಕೂಡಿಸುತ್ತಾರೆ. ಮೂರನೆಯದೇ ಇಂಪ್ಲಾಂಟ್; ಅಂದರೆ ದವಡೆಯ ಎಲುಬಿನಲ್ಲಿ ಟೈಟೇನಿಯಂ ಲೋಹದ ಸಣ್ಣ ತಿರುಪನ್ನು ಬೇರಿನಂತೆ ನೆಟ್ಟು, ಅದರ ಮೇಲೆ ಹಲ್ಲನ್ನು ನಿಲ್ಲಿಸುವುದು. ಇದರಲ್ಲಿ ಪಕ್ಕದ ಗಟ್ಟಿ ಹಲ್ಲುಗಳಿಗೆ ಕೈ ಹಚ್ಚಬೇಕಾಗಿಲ್ಲ.

ಈ ವಿದ್ಯೆಯ ಮೂಲ ಸ್ವೀಡನ್ ದೇಶದಲ್ಲಿದೆ. 1950ರ ದಶಕದಲ್ಲಿ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ವಿಜ್ಞಾನಿ ಮೊಲದ ಎಲುಬಿನಲ್ಲಿ ರಕ್ತಸಂಚಾರವನ್ನು ಅಭ್ಯಸಿಸಲು ಟೈಟೇನಿಯಂ ಉಪಕರಣವೊಂದನ್ನು ಕೂಡಿಸಿದ್ದರು. ಕೆಲಸ ಮುಗಿದು ತೆಗೆಯಹೋದರೆ ಅದು ಬರಲೊಲ್ಲದು. ಎಲುಬು ಲೋಹವನ್ನು ತನ್ನದೆಂಬಂತೆ ಬಿಗಿಹಿಡಿದಿತ್ತು. ಈ ಗುಣವನ್ನೇ ಆಧರಿಸಿ 1965ರಲ್ಲಿ ಅವರು ಮೊದಲ ರೋಗಿಗೆ ಹಲ್ಲು ನೆಟ್ಟರು. ಅವು ನಲವತ್ತು ವರ್ಷಗಳಾಚೆಗೂ, ಆತನ ಕೊನೆಯವರೆಗೂ ಸೇವೆ ಸಲ್ಲಿಸಿದವು.

ಶಸ್ತ್ರಕ್ರಿಯೆಗೆ ಮುನ್ನ ಎಕ್ಸ್-ರೇ, ಹಲವೊಮ್ಮೆ ಸ್ಕ್ಯಾನ್ ತೆಗೆದು ಎಲುಬಿನ ಆಳ-ಅಗಲಗಳನ್ನೂ, ಕೆಳದವಡೆಯಲ್ಲಿ ಹಾಯ್ದುಹೋಗುವ ನರದ ಜಾಡನ್ನೂ ನೋಡುತ್ತಾರೆ. ಆ ಭಾಗವನ್ನಷ್ಟೇ ಮರಗಟ್ಟಿಸಿ ತಿರುಪನ್ನು ಕೂಡಿಸುತ್ತಾರೆ. ಎಲುಬು ಅದನ್ನು ಬಿಗಿಯಾಗಿ ಹಿಡಿಯಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು, ಆಮೇಲೆ ಹಲ್ಲು. ಬಿತ್ತಿದ ದಿನವೇ ಬೆಳೆ ಕೊಯ್ಯಲಾಗದೆಂಬುದು ಒಕ್ಕಲುತನದ ಮನೆಗಳಿಗೆ ತಿಳಿದ ಮಾತೇ. ಒಂದೇ ದಿನದಲ್ಲಿ ಹಲ್ಲು ಕೊಡುವುದು ಕೆಲವರಲ್ಲಿ ಸಾಧ್ಯ, ಎಲ್ಲರಲ್ಲಿ ಅಲ್ಲ.

ಎಲುಬು ಸಾಲದಿದ್ದರೆ ಎಲುಬಿನ ಪುಡಿ ತುಂಬುವುದುಂಟು. ಶರಣ ಕುಟುಂಬಗಳು ಇಲ್ಲಿ ಒಂದು ಸಂಗತಿಯನ್ನು ಅರಿತಿರಬೇಕು. ಹೆಚ್ಚು ಬಳಕೆಯಲ್ಲಿರುವ ಇಂಥ ಪುಡಿಗಳಲ್ಲಿ ಕೆಲವು ದನದ ಎಲುಬಿನಿಂದ ಸಿದ್ಧವಾದವು. ಮನಸ್ಸಿಗೆ ಒಗ್ಗದಿದ್ದರೆ ಮೊದಲೇ ಹೇಳಿ. ರೋಗಿಯದೇ ಎಲುಬನ್ನಾಗಲಿ, ಕೃತಕ ಪದಾರ್ಥವನ್ನಾಗಲಿ ಬಳಸುವ ದಾರಿಗಳಿವೆ. ಕೇಳಲು ಸಂಕೋಚಪಡಬಾರದು.

ಮಧುಮೇಹವುಳ್ಳವರು ಮೊದಲು ಸಕ್ಕರೆಯನ್ನು ಹತೋಟಿಗೆ ತರಬೇಕು. ಬೀಡಿ-ಸಿಗರೇಟು ಸೇದುವವರಲ್ಲಿ ಇಂಪ್ಲಾಂಟ್ ಸಡಿಲಾಗುವ ಸಂಭವ ಹೆಚ್ಚು. ತಂಬಾಕು, ಗುಟ್ಕಾಗಳಂತೂ ಬಾಯಿಗೇ ಶತ್ರುಗಳು. ರಕ್ತ ತೆಳುವಾಗಿಸುವ ಗುಳಿಗೆ, ಎಲುಬಿನ ಸವೆತಕ್ಕೆ ಕೊಡುವ ಔಷಧಿಗಳನ್ನು ಸೇವಿಸುತ್ತಿದ್ದರೆ ಅದನ್ನು ಮುಚ್ಚಿಡದೆ ತಿಳಿಸಿರಿ, ನೀವಾಗಿಯೇ ನಿಲ್ಲಿಸಬೇಡಿರಿ. ದವಡೆಯ ಬೆಳವಣಿಗೆ ಮುಗಿಯದ ಮಕ್ಕಳಿಗೆ ಇದು ಸಲ್ಲದು. ವಯಸ್ಸಾದುದು ಮಾತ್ರ ಅಡ್ಡಿಯಲ್ಲ. ಆರೋಗ್ಯವಿದ್ದರೆ 70 ದಾಟಿದವರಿಗೂ ಮಾಡುತ್ತಾರೆ.

ಇಂಪ್ಲಾಂಟಿಗೆ ಹುಳುಕು ಹಿಡಿಯದು, ನಿಜ. ಆದರೆ ಅದರ ಸುತ್ತಲಿನ ವಸಡಿಗೆ ಸೋಂಕು ತಗಲಿ ಎಲುಬು ಕರಗಬಹುದು. ಬಹಳ ಸಲ ನೋವೇ ಇಲ್ಲದೆ. ಎರಡು ಹೊತ್ತು ಹಲ್ಲುಜ್ಜಿ, ಸಂದುಗಳನ್ನು ಶುಚಿಗೊಳಿಸಿ, ವೈದ್ಯರು ಹೇಳಿದ ಕಾಲಕ್ಕೆ ತಪ್ಪದೆ ತೋರಿಸಬೇಕು. ಹೀಗೆ ಕಾಪಾಡಿಕೊಂಡವರಲ್ಲಿ 100ಕ್ಕೆ 90ಕ್ಕಿಂತ ಹೆಚ್ಚು ಇಂಪ್ಲಾಂಟ್‌ಗಳು 10 ವರ್ಷಗಳ ಮೇಲೂ ನಿಂತಿರುತ್ತವೆ.

ಖರ್ಚು ಒಂದು ಹಲ್ಲಿಗೇ ಹತ್ತಾರು ಸಾವಿರ ರೂಪಾಯಿಯಾಗಬಹುದು. ತಿರುಪು, ಮೇಲಿನ ಹಲ್ಲು, ಎಲುಬಿನ ಪುಡಿ ಇವುಗಳ ಲೆಕ್ಕವನ್ನು ಬೇರೆಬೇರೆಯಾಗಿ ಕೇಳಿ ಬರೆಸಿಕೊಳ್ಳಿರಿ. ದಾವಣಗೆರೆಯ ಬಾಪೂಜಿ, ಬೆಳಗಾವಿಯ ಕೆ.ಎಲ್.ಇ., ಮೈಸೂರಿನ ಜೆ.ಎಸ್.ಎಸ್. ಸಂಸ್ಥೆಗಳ ದಂತವೈದ್ಯ ಕಾಲೇಜುಗಳಂಥ ಕಡೆಗಳಲ್ಲಿಯೂ ವಿಚಾರಿಸಬಹುದು. ಆದರೆ ಸಾಲ ಮಾಡಿಯಾದರೂ ಇಂಪ್ಲಾಂಟೇ ಆಗಬೇಕೆಂಬ ಹಟ ಬೇಡ. ಚೆನ್ನಾಗಿ ಕುಳಿತ ಕಟ್ಟು ಹಲ್ಲು ಅವಮಾನವಲ್ಲ. ತೀರ ಹಿಂದಿನ ದವಡೆಹಲ್ಲೊಂದು ಹೋದರೆ ಏನೂ ಮಾಡಿಸದಿದ್ದರೂ ನಡೆಯುವುದುಂಟು. ಬಾಯಿಗೂ ಕಿಸೆಗೂ ಒಪ್ಪುವುದನ್ನು ಆರಿಸಿಕೊಳ್ಳುವುದೇ ವಿವೇಕ.

ಅಂಗದ ಮೇಲೆ ಇಷ್ಟಲಿಂಗವನ್ನು ಧರಿಸುವ ನಮಗೆ ಆ ಅಂಗವನ್ನು ಜೋಪಾನ ಮಾಡುವುದೂ ಒಂದು ಕಾಯಕ. ಈ ತಿಂಗಳು ನಿಮ್ಮ ಮನೆಯ ಹಿರಿಯರ ಪಕ್ಕದಲ್ಲಿ ಊಟಕ್ಕೆ ಕುಳಿತು, ಅವರು ಯಾವ ಪದಾರ್ಥವನ್ನು ಬೇಡವೆನ್ನುತ್ತಾರೆಂಬುದನ್ನು ಗಮನಿಸಿರಿ. ಬೇಡವೆನ್ನುವುದು ಮನಸ್ಸೋ, ಹಲ್ಲೋ ಎಂದು ಮೆಲ್ಲಗೆ ಕೇಳಿರಿ. ಪ್ರಸಾದವನ್ನು ಅಗಿದು ಸವಿಯುವ ಭಾಗ್ಯ ಅವರಿಗೆ ಮರಳಿ ದೊರೆಯಲಿ.